ಮೇಜಿನೊಳಗೆ ಕೈದಿ, ಮೇಜಿನ ಮೇಲೆ ಟೈಪ್‌ರೈಟರ್

ನಿನ್ನೆ ರಾತ್ರಿ ನಿದ್ದೆ ಹತ್ತಲಿಲ್ಲ ಅಂತ 'ಹಿಸ್ ಗರ್ಲ್ ಫ್ರೈಡೇ' ಹಾಕ್ಕೊಂಡು ಕೂತೆ. ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. 1940ರ ಕಪ್ಪು-ಬಿಳುಪು ಚಿತ್ರ, ಒಂದೂವರೆ ಗಂಟೆಯದು. ಹಕ್ಕುಸ್ವಾಮ್ಯ ನವೀಕರಿಸೋದನ್ನ ಕಂಪನಿಯವರು ಮರೆತರೋ ಬಿಟ್ಟರೋ, ಅಮೆರಿಕದಲ್ಲಿ ಅದೀಗ ಸಾರ್ವಜನಿಕ ಸ್ವತ್ತು. ಯೂಟ್ಯೂಬಲ್ಲಿ ಪುಕ್ಕಟೆ ಸಿಗುತ್ತೆ.

ಹಳೇ ಹಾಲಿವುಡ್ ಪ್ರೇಮ-ಹಾಸ್ಯದ ಚಿತ್ರಗಳ ಯಾವ ಪಟ್ಟಿ ತೆಗೆದರೂ ಇದು ಇರುತ್ತೆ. ಹಾಸ್ಯ ಸರಿ. ಪ್ರೇಮ ಯಾರ ಮೇಲೆ ಅನ್ನೋದರಲ್ಲಿ ನನ್ನದು ತಕರಾರು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ: ವಾಲ್ಟರ್ ಬರ್ನ್ಸ್ (ಕ್ಯಾರಿ ಗ್ರಾಂಟ್) 'ಮಾರ್ನಿಂಗ್ ಪೋಸ್ಟ್' ಪತ್ರಿಕೆಯ ಸಂಪಾದಕ. ಹಿಲ್ಡಿ ಜಾನ್ಸನ್ (ರೋಸಲಿಂಡ್ ರಸೆಲ್) ಅವನ ಮಾಜಿ ಹೆಂಡತಿ, ಅವನ ಕೈಕೆಳಗಿನ ಅತ್ಯುತ್ತಮ ವರದಿಗಾರ್ತಿ. ಈ ಕೆಲಸದ ಸಹವಾಸವೇ ಸಾಕು, ಆಲ್ಬನಿಗೆ ಹೋಗಿ ಬ್ರೂಸ್ ಅನ್ನೋ ಇನ್ಶೂರೆನ್ಸ್ ಏಜೆಂಟನ್ನ ಮದುವೆಯಾಗ್ತೀನಿ ಅಂತ ಹೇಳೋಕೆ ಅವಳು ಆಫೀಸಿಗೆ ಬರ್ತಾಳೆ. ಬ್ರೂಸ್ ಪಾತ್ರದಲ್ಲಿ ರಾಲ್ಫ್ ಬೆಲ್ಲಮಿ. ಮಳೆ ಬರಬಹುದು ಅಂತ ಕೊಡೆ ಹಿಡಿದು ಬಂದಿರೋ ಮನುಷ್ಯ. ಅವನನ್ನ ತಡೆಯೋಕೆ ವಾಲ್ಟರ್ ಒಂದೇ ದಿನದಲ್ಲಿ ಮೂರು ಸಲ ಪೊಲೀಸರ ಕೈಗೆ ಸಿಕ್ಕಿಸ್ತಾನೆ. ಒಂದು ಸಲ ಕಳ್ಳನೋಟಿನ ಕೇಸಲ್ಲಿ. ಸಾಲದ್ದಕ್ಕೆ ಅವನ ತಾಯಿಯನ್ನೂ ಎತ್ತಿಸ್ತಾನೆ. ನಾವು ನಗ್ತಾ ಇರ್ತೀವಿ.

ಮೂಲ 1928ರ ನಾಟಕ, 'ದ ಫ್ರಂಟ್ ಪೇಜ್'. ಬರೆದವರು ಬೆನ್ ಹೆಕ್ಟ್ ಮತ್ತು ಚಾರ್ಲ್ಸ್ ಮ್ಯಾಕ್‌ಆರ್ಥರ್, ಇಬ್ಬರೂ ಶಿಕಾಗೋದಲ್ಲಿ ವರದಿಗಾರರಾಗಿ ದುಡಿದವರು. ಅಲ್ಲಿ ಹಿಲ್ಡಿ ಗಂಡಸು. 1931ರಲ್ಲಿ ಬಂದ ಮೊದಲ ಚಿತ್ರದಲ್ಲೂ ಗಂಡಸೇ. ನಿರ್ದೇಶಕ ಹೊವರ್ಡ್ ಹಾಕ್ಸ್ ಒಮ್ಮೆ ಆ ಮಾತುಗಳನ್ನ ಹೆಂಗಸೊಬ್ಬಳ ಕೈಲಿ ಓದಿಸಿ ನೋಡಿ, ಇದೇ ಚೆನ್ನಾಗಿದೆಯಲ್ಲ ಅಂದನಂತೆ. ಹಾಗೆ ಹಿಲ್ಡಿ ಹೆಣ್ಣಾದಳು, ವಾಲ್ಟರ್ ಅವಳ ಮಾಜಿ ಗಂಡನಾದ. ನನ್ನ ತಕರಾರಿನ ಬೇರು ಇಲ್ಲೇ ಇದೆ. ಮೂಲದಲ್ಲಿ ಅದು ಒಬ್ಬ ವರದಿಗಾರನನ್ನು ಕೆಲಸ ಬಿಡೋಕೆ ಬಿಡದ ಸಂಪಾದಕನ ಕಥೆ. ಅದರ ಮೇಲೆ ಹಾಕ್ಸ್ ಪ್ರೇಮದ ಅಂಗಿ ತೊಡಿಸಿದ. ಅಂಗಿ ಚೆನ್ನಾಗಿ ಕೂತಿದೆ, ಆದರೆ ಒಳಗಿರೋ ಮೈ ಅದೇ.

ನಾನು ಹನ್ನೊಂದು ವರ್ಷ ಪತ್ರಿಕೆಗೆ ಕೋರ್ಟು, ಕ್ರೈಂ ವರದಿ ಮಾಡಿದವಳು. ಜಿಲ್ಲಾ ಕೋರ್ಟಿನ ಹಿಂದಿನ ಟೀ ಅಂಗಡಿಯೇ ನಮ್ಮ ಪ್ರೆಸ್ ರೂಮು. ಈ ಚಿತ್ರದ ಪ್ರೆಸ್ ರೂಮಿನಲ್ಲಿ ಬೇರೆ ಬೇರೆ ಪತ್ರಿಕೆಯವರು ಇಸ್ಪೀಟು ಆಡ್ತಾ, ಗುಂಡು ಹಾರಿಸಿ ಕೊಲೆ ಮಾಡಿದ್ದಕ್ಕೆ ಮರುದಿನ ಬೆಳಿಗ್ಗೆ ಗಲ್ಲಿಗೇರಬೇಕಾದ ಅರ್ಲ್ ವಿಲಿಯಮ್ಸ್‌ಗಾಗಿ ಕಾಯ್ತಾ ಕೂತಿರೋದನ್ನ ನೋಡಿದಾಗೆಲ್ಲ ನಗು ಬರುತ್ತೆ, ಜೊತೆಗೆ ಮೈ ಬೆವರುತ್ತೆ. ಜೈಲಿಂದ ತಪ್ಪಿಸಿಕೊಂಡ ಅವನು ಕೊನೆಗೆ ಸಿಕ್ಕಿಬೀಳ್ತಾನಲ್ಲ, ಎಲ್ಲರೂ ತಮ್ಮ ತಮ್ಮ ಫೋನಿಗೆ ಬೀಳ್ತಾರೆ. ಒಬ್ಬ 'ಜೀವದ ಹಂಗು ತೊರೆದು ಹೊಡೆದಾಡಿದ' ಅಂತಾನೆ, ಇನ್ನೊಬ್ಬ 'ಪ್ರಜ್ಞೆ ತಪ್ಪಿ ಬಿದ್ದಿದ್ದ' ಅಂತಾನೆ. ನೋಡಿದ್ದು ಇಬ್ಬರೂ ಒಂದನ್ನೇ! ನಮ್ಮ ಟೀ ಅಂಗಡಿಯಿಂದಲೂ ಹೀಗೆ ವರದಿ ಹೋಗಿದ್ದುಂಟು. ಇಷ್ಟೇ ಹೇಳ್ತೀನಿ.

ಈ ಚಿತ್ರದ ವೇಗದ ಬಗ್ಗೆ ಎಲ್ಲರೂ ಬರೀತಾರೆ. ಒಬ್ಬರ ಮಾತು ಮುಗಿಯೋ ಮೊದಲೇ ಇನ್ನೊಬ್ಬರ ಮಾತು ಅದರ ಮೇಲೇರುತ್ತೆ. ಸರಿ. ಆದರೆ ನನಗೆ ಅದು ನಿಧಾನವಾಗೋ ಜಾಗವೇ ಇಷ್ಟ. ಕೊನೇದಾಗಿ ಒಂದು ಸ್ಟೋರಿ ಬರೆದುಕೊಡೋಕೆ ಒಪ್ಪಿದ ಹಿಲ್ಡಿ ಜೈಲರ್‌ಗೆ ದುಡ್ಡು ತೋರಿಸಿ ಒಳಗೆ ಹೋಗ್ತಾಳೆ. ಅರ್ಲ್ ಕೈಗೆ ಒಂದು ಸಿಗರೇಟು ಕೊಡ್ತಾಳೆ. ಅವನು ತಗೊಂಡು, ಆಮೇಲೆ ನಾನು ಸೇದಲ್ಲ ಅಂತ ವಾಪಸ್ ಕೊಡ್ತಾನೆ. ಅವಳ ದನಿ ಅಷ್ಟು ಹೊತ್ತಿಗೆ ಇಳಿದಿರುತ್ತೆ. ಕೆಲಸ ಕಳಕೊಂಡ ಮೇಲೆ ಪಾರ್ಕಿನಲ್ಲಿ ಭಾಷಣ ಕೇಳ್ತಿದ್ದೆಯಲ್ಲ, ಅಲ್ಲಿ ಏನು ಹೇಳ್ತಿದ್ರು ಅಂತ ಕೇಳ್ತಾಳೆ. ಯಾವ ವಸ್ತುವೂ ಬಳಸೋಕೇ ತಯಾರಾಗೋದು ಅಂತಿದ್ರು ಅಂತಾನೆ. ಹಾಗಾದ್ರೆ ಬಂದೂಕು ಇರೋದು ಯಾಕೆ? ಅವನು ಸ್ವಲ್ಪ ಯೋಚಿಸಿ, ಹಾರಿಸೋಕೆ ಅಂತಾನೆ. ಸ್ಟೋರಿ ಸಿಕ್ಕಿತು. ಸಿಕ್ಕಿದ್ದು ಏನು, ಅವಳೇ ಅವನ ಬಾಯಲ್ಲಿ ಇಟ್ಟು ತೆಗೆದದ್ದು. ಅವನ ಮೇಲೆ ಅವಳಿಗೆ ನಿಜವಾಗಿ ಮರುಕ ಇದೆ. ಇಂಟ್ರೊ, ಅಂದ್ರೆ ವರದಿಯ ಮೊದಲ ಸಾಲು ಕೂಡ ತಲೆಯಲ್ಲಿ ತಯಾರಾಗ್ತಿದೆ. ಎರಡೂ ಒಟ್ಟಿಗೆ, ಒಂದೇ ಮುಖದಲ್ಲಿ. ಆ ಮುಖ ನನಗೆ ಗೊತ್ತು ಕಣ್ರೀ.

ಆಮೇಲೆ ಗುಂಡಿನ ಸದ್ದು ಕೇಳುತ್ತೆ, ಅರ್ಲ್ ತಪ್ಪಿಸಿಕೊಂಡಿದ್ದಾನೆ. (ಹೇಗೆ ಅಂತೀರಾ? ಅವನ ಮನಸ್ಥಿತಿ ಪರೀಕ್ಷೆ ಮಾಡೋಕೆ ಬಂದ ಡಾಕ್ಟರು ಕೊಲೆಯನ್ನ ಮತ್ತೆ ಅಭಿನಯಿಸಿ ತೋರಿಸು ಅಂದಾಗ ಶೆರೀಫ್ ತನ್ನದೇ ಪಿಸ್ತೂಲು ಕೊಟ್ಟಿರ್ತಾನೆ!) ಸ್ವಲ್ಪ ಹೊತ್ತಿನ ಮುಂಚೆ ಬರೆದದ್ದನ್ನೆಲ್ಲ ಹರಿದು, ಇನ್ನು ಪತ್ರಿಕೆ ಮುಖ ನೋಡಲ್ಲ ಅಂತ ಶಪಥ ಮಾಡಿದ್ದ ಹಿಲ್ಡಿ, ಸುದ್ದಿಗಾಗಿ ಬೀದಿಯಲ್ಲಿ ಆ ಜೈಲರ್ ಬೆನ್ನು ಹತ್ತಿ ಓಡ್ತಾಳೆ, ಮೇಲೆ ಹಾರಿ ಕೆಡವ್ತಾಳೆ. ಇಡೀ ಚಿತ್ರದಲ್ಲಿ ಅವಳು ಯಾವ ಗಂಡಸಿನ ಹಿಂದೆಯೂ ಹಾಗೆ ಓಡಲ್ಲ. ಪ್ರೇಮ ಅಂದ್ರೆ ಇದೇ ನೋಡಿ.

ಅದಕ್ಕೆ ಬೆಲೆ ಏನು ಅನ್ನೋದನ್ನೂ ಚಿತ್ರ ಬಚ್ಚಿಡಲ್ಲ. ಮಾಲಿ ಮಲಾಯ್ ಅಂತ ಒಬ್ಬ ಹುಡುಗಿ. ಅರ್ಲ್‌ಗೆ ಒಂದು ದಿನ ಕರುಣೆ ತೋರಿಸಿದ್ದಳು, ಅಷ್ಟೇ. ಪತ್ರಿಕೆಯವರು ಅದನ್ನೇ ಪ್ರೇಮಕಥೆ ಮಾಡಿ ಬರೆದು ಅವಳ ಮಾನ ಕಳೆದಿರ್ತಾರೆ. ಪ್ರೆಸ್ ರೂಮಿಗೆ ಬಂದು ಅವಳು ಬೇಡಿಕೊಂಡ್ರೆ ಗೇಲಿ ಮಾಡ್ತಾರೆ. ಹಿಲ್ಡಿ ಅವಳನ್ನ ಹೊರಗೆ ಕರಕೊಂಡು ಹೋದ ಮೇಲೆ ಆ ಕೋಣೆಯಲ್ಲಿ ಮಾತೇ ಇಲ್ಲ. ಅಷ್ಟು ಗದ್ದಲದ ಚಿತ್ರದಲ್ಲಿ ಆ ಮೌನ ಕಿವಿಗೆ ಹೊಡೆಯುತ್ತೆ. ಅರ್ಲ್ ಅದೇ ಕೋಣೆಯ ಮುಚ್ಚಳದ ಮೇಜಿನೊಳಗೆ ಅಡಗಿರುವಾಗ, ವರದಿಗಾರರ ಗಮನ ಬೇರೆಡೆ ಸೆಳೆಯೋಕೆ ಮಾಲಿ ಕಿಟಕಿಯಿಂದ ಹಾರ್ತಾಳೆ. ಸತ್ತಿಲ್ಲ, ಅಲುಗಾಡ್ತಿದಾಳೆ ಅಂತ ಯಾರೋ ಹೇಳ್ತಾರೆ. ಅಲ್ಲಿಗೆ ಮುಗೀತು. ವಾಲ್ಟರ್ ಬಂದು ಮುಖಪುಟ ಖಾಲಿ ಮಾಡ್ಸೋಕೆ ಶುರು ಮಾಡ್ತಾನೆ: ಚೀನಾದ ಭೂಕಂಪ ಕಿತ್ತುಹಾಕು, ಹಿಟ್ಲರನ್ನ ಕಾಮಿಕ್ಸ್ ಪುಟಕ್ಕೆ ಎಸಿ, ಆದರೆ ಆ ಹುಂಜದ ಸುದ್ದಿ ಮುಟ್ಟಬೇಡ, ಅದರಲ್ಲಿ ಜನರ ಮನಸ್ಸು ಮುಟ್ಟೋ ಅಂಶ ಇದೆ! ಯುರೋಪಿನಲ್ಲಿ ಯುದ್ಧ ಶುರುವಾಗಿ ಐದು ತಿಂಗಳೂ ಆಗಿರಲಿಲ್ಲ ಈ ಚಿತ್ರ ಬಂದಾಗ. ಇತ್ತ ಹಿಲ್ಡಿ ಟೈಪ್ ಮಾಡ್ತಿದ್ದಾಳೆ. ಪಕ್ಕದಲ್ಲಿ ನಿಂತು ಬ್ರೂಸ್ ಮಾತಾಡ್ತಿದ್ದಾನೆ, ಇವಳ ಕಿವಿಗೆ ಬೀಳ್ತಿಲ್ಲ.

ನಾನೂ ಒಂದು ಸಲ ಹೀಗೆ ಟೈಪ್ ಮಾಡಿದ್ದೆ, ಒಬ್ಬ ತಾಯಿ ಆಚೆ ಬೆಂಚಿನ ಮೇಲೆ ಕೂತಿದ್ದಾಗ. ನೀರು ಬೇಕಾ ಅಂತ ಕೇಳಬೇಕು ಅಂದ್ಕೊಂಡಿದ್ದೆ. ಎಡಿಷನ್ ಅಚ್ಚಿಗೆ ಹೋದ ಮೇಲೆ ನೆನಪಾಯ್ತು. ಬೆಂಚು ಖಾಲಿ ಇತ್ತು.

ಮುಕ್ತಾಯದ ಬಗ್ಗೆ ನನಗೆ ಇವತ್ತಿಗೂ ಸಮಾಧಾನ ಇಲ್ಲ. ವಾಲ್ಟರ್ ತನ್ನನ್ನ ಬಿಟ್ಟುಕೊಟ್ಟ ಅಂತ ನಂಬಿದ ಹಿಲ್ಡಿಗೆ, ಬ್ರೂಸ್ ಕಳ್ಳನೋಟಿಗೆ ಮತ್ತೆ ಒಳಗೆ ಹೋದ ಅಂತ ಫೋನ್ ಬರುತ್ತೆ. ಅವಳು ಅಳ್ತಾಳೆ, ನೆಮ್ಮದಿಯಿಂದ! ಹೊಸ ಮದುಮಕ್ಕಳ ಹಾಗೆ ನಯಾಗರಕ್ಕೆ ಹೊರಡಬೇಕು ಅನ್ನುವಷ್ಟರಲ್ಲಿ ಆಲ್ಬನಿಯಲ್ಲಿ ಮುಷ್ಕರ ಅಂತ ಸುದ್ದಿ. ದಾರಿ ಬದಲು. ವಾಲ್ಟರ್ ಮುಂದೆ ಮುಂದೆ ನಡೀತಾನೆ, ಅವಳು ಸೂಟ್‌ಕೇಸ್ ಕಂಕುಳಲ್ಲಿ ಒತ್ತಿಕೊಂಡು ಹಿಂದೆ. ಅವನು ತಿರುಗಿ ನೋಡಿ, ಅದನ್ನ ಕೈಯಲ್ಲಿ ಹಿಡ್ಕೋಬಾರದಾ ಅಂತಾನೆ.