ಮೊದಲು ಭಾರ ನೋಡಿ, ಮಸಲ್ಸ್ ಆಮೇಲೆ

ಡ್ರಾಯಿಂಗ್ ಕಲಿಯುವ ಮಕ್ಕಳು ಇತ್ತೀಚೆಗೆ ವಾಟ್ಸಾಪ್‌ನಲ್ಲಿ ಕಳಿಸುವ ಫಿಗರ್‌ಗಳನ್ನು, ಅಂದ್ರೆ ಮನುಷ್ಯನ ಮೈಯ ಚಿತ್ರಗಳನ್ನು, ನೋಡಿ ನೋಡಿ ಇದನ್ನು ಬರೆದೇ ಬಿಡುವ ಅಂತ ಕೂತದ್ದು. ಶೇಡಿಂಗ್ ಎಲ್ಲರದ್ದೂ ಚಂದ ಉಂಟು, ಹೊಟ್ಟೆಯ ಕಟ್ಟು ಒಂದೂ ತಪ್ಪಿಲ್ಲ, ತೋಳಿನ ಮಸಲ್ಸ್ ಒಂದೊಂದನ್ನೂ ಹೆಸರು ಹೇಳಿ ತೋರಿಸ್ಬಹುದು, ಆದ್ರೆ ಆ ಮನುಷ್ಯ ನೆಲದ ಮೇಲೆ ನಿಂತಿಲ್ಲ ಮಾರಾಯ್ರೆ. ಪಾದ ನೆಲಕ್ಕೆ ತಾಗಿದೆ ಅಷ್ಟೆ, ಮೈಯ ಭಾರ ಆ ಪಾದಕ್ಕೆ ಇಳಿದೇ ಇಲ್ಲ. ತಳ್ಳಿದ್ರೆ ಬೀಳುದೂ ಇಲ್ಲ, ಯಾಕಂದ್ರೆ ಅವನು ನಿಂತೇ ಇಲ್ಲ ಅಲ್ವಾ.

ನಾನು ನಂಬಿಕೊಂಡು ಬಂದ ಕ್ರಮ ಒಂದೇ. ಭಾರ ಮೊದಲು, ಅಳತೆ ಎರಡನೇದು, ಮಸಲ್ಸ್ ಕಟ್ಟಕಡೆಗೆ. ಕ್ಲಾಸಿಕಲ್ ಫಿಗರ್ ಗ್ರೀಕರದ್ದಾಗಲಿ, ನಮ್ಮ ಗುಹೆ-ದೇವಸ್ಥಾನಗಳದ್ದಾಗಲಿ, ಅದರ ಜೀವ ಇರುದು ದೇಹ ತನ್ನ ತೂಕವನ್ನು ಹೇಗೆ ಹೊತ್ತುಕೊಂಡಿದೆ ಅನ್ನುದರಲ್ಲಿ. ಯೂಟ್ಯೂಬ್ ನೋಡಿ ಕಲಿಯುವವರು ಇದನ್ನು ಪೂರ್ತಿ ಉಲ್ಟಾ ಹಿಡಿದಿದ್ದಾರೆ, ಮೊದಲ ದಿನವೇ ಮಸಲ್ಸ್‌ನ ಚಾರ್ಟ್.

ದಾದರ್ ಪ್ಲಾಟ್‌ಫಾರ್ಮ್‌ನಲ್ಲಿ ಲೇಟಾದ ಲೋಕಲ್‌ಗೆ ಕಾಯುವವರನ್ನು ಸ್ವಲ್ಪ ಹೊತ್ತು ನೋಡಿ. ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಂತವರು ಕಡಿಮೆ, ಒಂದು ಕಾಲಿಗೆ ಭಾರ ಕೊಟ್ಟು ಇನ್ನೊಂದನ್ನು ಸಡಿಲ ಬಿಟ್ಟಿರ್ತಾರೆ. ಭಾರ ಬಿದ್ದ ಕಡೆ ಸೊಂಟದ ಎಲುಬು ಮೇಲೆ ಹೋಗ್ತದೆ, ಅದೇ ಕಡೆಯ ಭುಜ ಕೆಳಗೆ ಇಳೀತದೆ, ಮಧ್ಯದಲ್ಲಿ ಬೆನ್ನುಮೂಳೆ ಬಳುಕಿ ತಲೆಯನ್ನು ಪುನಃ ಪಾದದ ನೇರಕ್ಕೆ ತಂದು ನಿಲ್ಲಿಸ್ತದೆ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಶಿಲ್ಪಿ ಪಾಲಿಕ್ಲೀಟಸ್ ಈಟಿ ಹಿಡಿದ ಯುವಕನ ಮೂರ್ತಿಯಲ್ಲಿ ಮಾಡಿದ್ದು ಇದನ್ನೇ. ಅದರ ಕಂಚಿನ ಮೂಲ ಈಗ ಇಲ್ಲ, ರೋಮನ್ ಕಾಲದ ಕಾಪಿಗಳು ಮಾತ್ರ ಉಳಿದಿವೆ, ಹೆಚ್ಚಿನವು ಮಾರ್ಬಲ್‌ನವು, ಆ ಕಾಪಿಗಳಲ್ಲೂ ಆ ನಿಲುವು ಸ್ವಲ್ಪವೂ ಕೆಟ್ಟಿಲ್ಲ. ಯುರೋಪಿನ ಹಳೇ ಅಕಾಡೆಮಿಗಳಲ್ಲಿ ಇದನ್ನು ಪರೀಕ್ಷೆ ಮಾಡುವ ಸರಳ ಉಪಾಯ ಇತ್ತು. ಗಾರೆ ಕೆಲಸದವರು ಗೋಡೆ ನೆಟ್ಟಗೆ ಉಂಟಾ ಅಂತ ದಾರಕ್ಕೆ ಗುಂಡು ಕಟ್ಟಿ ಇಳಿಬಿಡ್ತಾರಲ್ಲ ಹಾಗೆ, ಮಾಡೆಲ್ ಎದುರು ದಾರ ಹಿಡಿದು ಕತ್ತಿನ ಬುಡದ ಗುಳಿಯಿಂದ ನೇರ ಕೆಳಗೆ ನೋಡುದು. ಒಂದೇ ಕಾಲಿಗೆ ಭಾರ ಕೊಟ್ಟು ನಿಂತವನಲ್ಲಿ ಆ ದಾರ ಭಾರ ಹೊತ್ತ ಪಾದದ ಒಳಗಂಟಿನ ಹತ್ರ ಬಂದು ಬೀಳ್ತದೆ. ನಿಮ್ಮ ಚಿತ್ರದಲ್ಲಿ ಅದು ಎರಡು ಕಾಲಿನ ಮಧ್ಯದ ಖಾಲಿ ಜಾಗಕ್ಕೆ ಬಿದ್ರೆ, ಮೇಲೆ ಎಷ್ಟು ಶೇಡಿಂಗ್ ಮಾಡಿಯೂ ಪ್ರಯೋಜನ ಇಲ್ಲ.

ಹಾಗಾಗಿ ನಾನು ಮೊದಲು ಹಾಕುದು ಮೂರೇ ಗೆರೆ. ಭುಜದ ಓರೆ, ಸೊಂಟದ ಓರೆ, ಕತ್ತಿನ ಗುಳಿಯಿಂದ ಪಾದದ ತನಕ ಇಳಿಯುವ ನೇರ ಗೆರೆ. ಇಷ್ಟು ಕೂತ್ರೆ ಪೆನ್ಸಿಲ್ ನಿಲ್ಲಿಸದೆ ಮುಂದೆ ಹೋಗ್ಬಹುದು, ಕೂರದಿದ್ರೆ ರಬ್ಬರ್ ಹಿಡಿಯುದೂ ಬೇಡ, ಹೊಸ ಹಾಳೆ ತೆಗೀರಿ.

ಅಳತೆ ವಿಷ್ಯದಲ್ಲಿ ಒಂದು ಗೊಂದಲ ಯಾವಾಗಲೂ ಕೇಳ್ತೇನೆ. ಪಾಶ್ಚಾತ್ಯ ಫಿಗರ್ 8 ತಲೆ ಎತ್ತರ, ನಮ್ಮದು 9 ಅಥವಾ 10 ತಾಲ, ಅಂದ್ರೆ ನಮ್ಮ ಮೂರ್ತಿಗಳು ಜಾಸ್ತಿ ಉದ್ದ ಅಂತ. ತಾಲ ಅಂದ್ರೆ ಇಡೀ ತಲೆ ಅಲ್ಲ, ಕೂದಲು ಶುರುವಾಗುವ ಗೆರೆಯಿಂದ ಗಲ್ಲದ ತನಕ ಮುಖ ಮಾತ್ರ, ಅದು 12 ಅಂಗುಲ (ಇದು ಇಂಚು ಅಲ್ಲ, ಮೂರ್ತಿಯ ಮುಖದ 12ನೇ ಒಂದು ಪಾಲು). ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯ ಭಾಗವಾದ ಚಿತ್ರಸೂತ್ರದಲ್ಲಿ ಹಂಸ ಅನ್ನುವ ಪುರುಷ ಪ್ರಮಾಣ 108 ಅಂಗುಲ, 12ರಿಂದ ಭಾಗಿಸಿ, 9 ಮುಖ ಬರ್ತದೆ. ದೊಡ್ಡ ದೇವರ ಮೂರ್ತಿಗೆ ದಶತಾಲ, ಹತ್ತು ಮುಖದ ಲೆಕ್ಕ. ಈಗ ಹಳೇ ರೋಮ್‌ನ ವಾಸ್ತುಶಿಲ್ಪಿ ವಿಟ್ರುವಿಯಸ್ ಎಂತ ಬರೆದಿದ್ದಾನೆ ನೋಡಿ, ಇಡೀ ತಲೆ ಎತ್ತರದ 8ನೇ ಒಂದು ಪಾಲು, ಗಲ್ಲದಿಂದ ಕೂದಲ ಗೆರೆಯ ತನಕ ಮುಖ 10ನೇ ಒಂದು ಪಾಲು. ಅಂದ್ರೆ ಅವನ ಮನುಷ್ಯನೂ ಹತ್ತು ಮುಖವೇ! ಇದು ಸಿಕ್ಕಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಇಬ್ಬರೂ ಹೊರಗಿನ ಸ್ಕೇಲ್ ತಂದವರಲ್ಲ, ದೇಹವನ್ನು ದೇಹದಿಂದಲೇ ಅಳೆದವರು. ನಿಜವಾದ ಮನುಷ್ಯರು ಸಾಮಾನ್ಯವಾಗಿ ಏಳೂವರೆ ತಲೆಯ ಆಸುಪಾಸು ಇರ್ತಾರೆ, ಹಾಗಾಗಿ ಹತ್ತು ಮುಖದ ಲೆಕ್ಕದಲ್ಲಿ ಎರಡೂ ಕಡೆಯವರು ಸ್ವಲ್ಪ ಎತ್ತರ ಮಾಡಿ ಗಾಂಭೀರ್ಯ ತಂದದ್ದು.

ಅಲ್ಲಿಂದ ಮುಂದೆ ದಾರಿ ಬೇರೆ ಆಗ್ತದೆ ನಿಜ. ಗ್ರೀಕರು ಚರ್ಮದ ಅಡಿಯ ಎಲುಬು, ಸ್ನಾಯು ಕಾಣ್ಬೇಕು ಅಂದ್ರು. ನಮ್ಮವರು ಉಸಿರು ತುಂಬಿದ ಮೈ ಕಾಣ್ಬೇಕು ಅಂದ್ರು, ಅದಕ್ಕೆ ನಮ್ಮ ಶಿಲ್ಪದಲ್ಲಿ ಮಸಲ್ಸ್ ಕೊರೆದು ತೋರಿಸುದಿಲ್ಲ, ಮೇಲ್ಮೈ ನುಣುಪಾಗಿ ಹರೀತದೆ. ಬಂಗಾಳದ ಚಿತ್ರಕಾರ ಅವನೀಂದ್ರನಾಥ ಟಾಗೋರ್ 20ನೇ ಶತಮಾನದ ಆರಂಭದಲ್ಲಿ ಭಾರತೀಯ ಅಂಗರಚನೆ ಬಗ್ಗೆ ಬರೆದಾಗ ಇದನ್ನು ಚಿತ್ರ ಸಮೇತ ತೋರಿಸಿದ್ರು, ಎದೆಯಿಂದ ಸೊಂಟದ ತನಕ ಗೋವಿನ ಮುಖ, ತೊಡೆ ಬಾಳೆದಿಂಡು, ಮಂಡಿ ಏಡಿಯ ಚಿಪ್ಪು. ಇದು ಕವಿಗಳ ಅಲಂಕಾರ ಅಂತ ಬದಿಗಿಡುವವರಿದ್ದಾರೆ, ನನಗೆ ಹಾಗೆ ಅನಿಸುದಿಲ್ಲ, ಒಂದು ಬಾಳೆದಿಂಡನ್ನು ಎದುರಿಟ್ಟು ಬಿಡಿಸಿ ನೋಡಿ, ಮೇಲಿಂದ ಕೆಳಗೆ ಸಪೂರ ಆಗುವ ಆ ಉರುಟು ಕೈಗೆ ಕೂತ ಮೇಲೆ ತೊಡೆ ತಾನಾಗಿಯೇ ಬರ್ತದೆ.

ಮುಂಬೈಗೆ ಈ ಎರಡೂ ದಾರಿ ಬಂದು ಸೇರಿದ ಭಾಗ್ಯ ಉಂಟು. ಜೆಜೆ ಸ್ಕೂಲ್ ಆಫ್ ಆರ್ಟ್ ಶುರುವಾದದ್ದು 1857ರಲ್ಲಿ, ಪ್ಲಾಸ್ಟರ್ ಮೂರ್ತಿ ನೋಡಿ ಬಿಡಿಸುವ ಪದ್ಧತಿ ಅಲ್ಲಿ ತುಂಬ ಕಾಲ ನಡೀತು, ಮೊದಲನೇ ಮಹಾಯುದ್ಧ ಮುಗಿದ ಹೊತ್ತಿಗೆ ಗ್ಲ್ಯಾಡ್‌ಸ್ಟನ್ ಸಾಲೊಮನ್ ಅಲ್ಲಿಯ ಮುಖ್ಯಸ್ಥರಾಗಿ ಬಂದು ಜೀವಂತ ಮಾಡೆಲ್ ಇಟ್ಟು ಲೈಫ್ ಕ್ಲಾಸ್ ಗಟ್ಟಿ ಮಾಡಿದ್ರು. ಇದು ಪರದೇಶದ್ದು, ಬೇಡ ಅಂತ ಬಂಗಾಳದ ಕಡೆಯವರು ವಿರೋಧ ಮಾಡಿದ್ದೂ ಉಂಟು. ಆ ಜಗಳಕ್ಕೆ ನನಗೆ ತೃಪ್ತಿ ಆಗುವ ಉತ್ತರ ಕೊಟ್ಟದ್ದು ನಮ್ಮೂರಿನವರೇ, ಚಿತ್ರಕಾರ ಕೆ.ಕೆ. ಹೆಬ್ಬಾರ್. 1911ರಲ್ಲಿ ಉಡುಪಿ ಹತ್ರದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬೈಗೆ ಬಂದು ಜೆಜೆಯಲ್ಲಿ ಕಲಿತು ಅಲ್ಲೇ ಕಲಿಸಿದವರು, ಪ್ಯಾರಿಸ್‌ಗೂ ಹೋಗಿ ಬಂದವರು. ಇಷ್ಟೆಲ್ಲ ಅಕಾಡೆಮಿಕ್ ಟ್ರೈನಿಂಗ್ ಆದವರು ಲಯ ಕೈಗೆ ಬರ್ಲಿ ಅಂತ ಕಥಕ್ ಕಲಿತ್ರು. ಅವರು ರೇಖೆಯಲ್ಲಿ ಬಿಡಿಸಿದ ನರ್ತಕರನ್ನು ನೋಡಿ, ಒಂದೂ ಮಸಲ್ ಇಲ್ಲ, ಶೇಡಿಂಗ್ ಇಲ್ಲ, ಕೆಲವೇ ಗೆರೆ, ಆದ್ರೆ ಯಾವ ಕಾಲು ಭಾರ ಹೊತ್ತಿದೆ ಯಾವುದು ಈಗ ಎತ್ತಲಿಕ್ಕುಂಟು ಅಂತ ಮಕ್ಕಳೂ ಹೇಳ್ತಾರೆ. ಅದೇ ಚಿತ್ರಸೂತ್ರದಲ್ಲಿ ಮಾರ್ಕಂಡೇಯ ಮುನಿ ವಜ್ರ ರಾಜನಿಗೆ ಹೇಳುದೂ ಅದೇ, ನೃತ್ಯ ಗೊತ್ತಿಲ್ಲದವನಿಗೆ ಚಿತ್ರ ಅರ್ಥ ಆಗುದು ಕಷ್ಟ ಅಂತ. ಮಲಗಿದವನಲ್ಲಿ ಚೇತನ ಉಂಟು, ಸತ್ತವನಲ್ಲಿ ಇಲ್ಲ, ಈ ವ್ಯತ್ಯಾಸ ತೋರಿಸ್ಲಿಕ್ಕೆ ಬಂದವನೇ ಚಿತ್ರ ಬಲ್ಲವನು ಅಂತಲೂ ಅಲ್ಲಿ ಉಂಟು. ಇಬ್ಬರೂ ಮಲಗಿಯೇ ಇರ್ತಾರೆ, ಅಂಗಾಂಗ ಎಲ್ಲ ಒಂದೇ, ಅಳತೆಯೂ ಒಂದೇ. ಬರೀ ಅಳತೆಯಿಂದ ಫಿಗರ್ ಆಗುದಿಲ್ಲ ಅಂತ ಇದಕ್ಕಿಂತ ಸ್ಪಷ್ಟ ಹೇಗೆ ಹೇಳುದು.

ಇದನ್ನು ಕಲ್ಲಿನಲ್ಲಿ ನೋಡ್ಬೇಕಂದ್ರೆ ಗೇಟ್‌ವೇಯಿಂದ ಬೋಟ್ ಹತ್ತಿ ಎಲಿಫೆಂಟಾ ಗುಹೆಗೆ ಹೋಗಿ, ಸೋಮವಾರ ಬಿಟ್ಟು. ಎಲ್ರೂ ಮೂರು ಮುಖದ ಸದಾಶಿವನ ಎದುರು ಸೆಲ್ಫಿ ತೆಗೆದು ತಿರುಗ್ತಾರೆ, ನೀವು ಅದರ ಪಕ್ಕದಲ್ಲಿ, ನಿಮ್ಮ ಎಡಕ್ಕೆ, ಅರ್ಧನಾರೀಶ್ವರನ ಎದುರು ನೆಲದ ಮೇಲೆ ಕೂತ್ಕೊಳ್ಳಿ. 6ನೇ ಶತಮಾನದ ಕೆಲಸ, ಕೆಳಗಿನ ಭಾಗ ಒಡೆದು ಹೋಗಿದೆ, ಕಾಲು ಪೂರ್ತಿ ಇಲ್ಲ. ಆದ್ರೂ ಭಾರ ಎಲ್ಲಿ ಹೋಗ್ತದೆ ಅಂತ ಕಾಣ್ತದೆ. ಮೂರ್ತಿಯ ಬಲಗಡೆ ಶಿವನ ಭಾಗ, ಆ ಕಡೆಯ ಕೈ ನಂದಿಯ ಮೇಲೆ ಊರಿದೆ, ಮೈ ಆ ಕಡೆಗೆ ಒರಗಿದೆ, ಅದಕ್ಕೆ ಉತ್ತರ ಕೊಟ್ಟ ಹಾಗೆ ಮೂರ್ತಿಯ ಎಡಗಡೆ ಪಾರ್ವತಿಯ ಸೊಂಟ ದೊಡ್ಡ ಬಳುಕಿನಲ್ಲಿ ಹೊರಗೆ ಬಂದಿದೆ. ಎರಡು ಬೇರೆ ಬೇರೆ ದೇಹ, ಎದೆ ಬೇರೆ, ಸೊಂಟ ಬೇರೆ, ಅವನ್ನು ಒಂದು ಮಾಡಿದ್ದು ಹೊಲಿಗೆ ಹಾಕಿದಂಥ ನಡುಗೆರೆ ಅಲ್ಲ, ಮೇಲಿಂದ ಕೆಳಗೆ ಇಳಿಯುವ ಒಂದೇ ಭಾರ. ಅಲ್ಲಿ ಪೆನ್ಸಿಲ್ ಹಿಡಿದು ಕೂತವನಿಗೆ ಚಾರ್ಟ್ ನೆನಪಿಗೆ ಬರುದೇ ಇಲ್ಲ.

ಅನಾಟಮಿ ಬೇಡ ಅಂತ ನಾನು ಹೇಳ್ತಿಲ್ಲ, ಕಲೀಲೇಬೇಕು, ಎಲುಬು ಮೊದಲು. ನನ್ನ ತಕರಾರು ಫೋಟೋ ನೋಡಿ ಕಲಿಯುದರ ಬಗ್ಗೆ. ಮೊನ್ನೆ ಒಬ್ಬ ಹುಡುಗ, ಅಂಕಲ್, ಪಿಂಟರೆಸ್ಟ್‌ನಲ್ಲಿ ಸಾವಿರಾರು ಪೋಸ್ ಫ್ರೀ ಸಿಗ್ತದೆ, ಮಾಡೆಲ್ ಯಾಕೆ ಅಂತ ಕೇಳಿದ. ಫೋನ್ ಕ್ಯಾಮೆರಾ ಹತ್ರದಿಂದ ಹಿಡಿದ್ರೆ ಹತ್ರ ಇದ್ದದ್ದು ದೊಡ್ಡದಾಗ್ತದೆ, ಎದೆ ಎತ್ತರದಿಂದ ಹಿಡಿದ್ರೆ ಕಾಲು ಗಿಡ್ಡ ಆಗ್ತದೆ, ಇದು ಗೊತ್ತಾಗದೆ ಅದನ್ನೇ ಪ್ರಮಾಣ ಅಂದ್ಕೊಂಡು ಕಾಪಿ ಮಾಡ್ತಾರೆ. ಇನ್ನೊಂದು, ಫೋಟೋದ ಮನುಷ್ಯನಿಗೆ ಕಾಲು ನೋಯುದಿಲ್ಲ. ಎದುರು ನಿಂತ ಮಾಡೆಲ್‌ಗೆ ಹತ್ತು ನಿಮಿಷ ಆಗ್ವಾಗ ಸೊಂಟ ಇನ್ನೂ ಸ್ವಲ್ಪ ಕುಸೀತದೆ, ಮಂಡಿ ಲಾಕ್ ಆಗ್ತದೆ, ಭಾರ ಅಂದ್ರೆ ಎಂತ ಅಂತ ಕಲಿಯುದು ಆಗ.

ಮಾಡೆಲ್ ಸಿಗುದಿಲ್ಲ, ಸಿಕ್ಕಿದ್ರೂ ಖರ್ಚು, ಅದು ನಿಜವಾದ ಕಷ್ಟ. ಹಾಗಾಗಿ ಮುಂಬೈಯ ನಮ್ಮ ಕನ್ನಡ ಸಂಘ-ಸಂಸ್ಥೆಯವರಲ್ಲಿ ಒಂದು ಬೇಡಿಕೆ. ಮಳೆಗಾಲದಲ್ಲಿ ಊರಿಂದ ಯಕ್ಷಗಾನ ತಂಡಗಳು ಬರ್ತವೆ, ಶೋ ಮಾಡಿಸ್ತೀರಿ, ಸನ್ಮಾನ ಮಾಡ್ತೀರಿ. ಅದೇ ಹಾಲ್‌ನಲ್ಲಿ ಶೋ ದಿನ ಬೆಳಿಗ್ಗೆ ಎರಡು ಗಂಟೆ ಹೊತ್ತು, ವೇಷ ಕಟ್ಟುವ ಮೊದಲು, ಬರೀ ಬನಿಯನ್-ಪಂಚೆಯಲ್ಲಿ ಒಬ್ಬ ಕಲಾವಿದರು ನಿಲುವು ಹಿಡಿದು ನಿಂತ್ರೆ ಸಾಕು, ವರ್ಷಗಟ್ಟಲೆ ಕುಣಿದು ಪಳಗಿದ ಆ ಕಾಲು, ಬೆನ್ನು ನಮ್ಮ ಮಕ್ಕಳಿಗೆ ಬೇರೆ ಎಲ್ಲಿ ಸಿಗ್ತದೆ. ಅವರ ನಿದ್ದೆ ಕೆಡಿಸಿ ಪುಕ್ಕಟೆ ನಿಲ್ಲಿಸುದು ಮಾತ್ರ ಬೇಡ, ಮಾಡೆಲ್‌ಗೆ ಕೊಡುವ ಸಂಭಾವನೆ ಬೇರೆಯೇ ಕೊಡ್ಬೇಕು, ಪ್ರತಿ ಪೋಸ್ ನಂತರ ರೆಸ್ಟ್ ಬೇಕು, ಫೋಟೋ ತೆಗೆಯುದು ಅವರು ಒಪ್ಪಿದ್ರೆ ಮಾತ್ರ. ಕಲಿಸುವ ಕೆಲಸ ನಾನು ಮಾಡ್ತೇನೆ, ಫೀಸ್ ಬೇಡ. ಹಾಲ್ ಕೊಡಿಸ್ಲಿಕ್ಕೆ ಆಗುವವರು ಇನ್‌ಬಾಕ್ಸ್ ಮಾಡಿ.