ಮಖಮಲ್ಲಿನಲ್ಲಿ ಸುತ್ತಿದ ಚಪ್ಪಲಿ

ಮರ್ಯಾದೆಯಿಂದ ಅವಮಾನ ಮಾಡುವ ಕಲೆಗೆ ಕನ್ನಡದಲ್ಲಿ ಒಂದು ಮಾತಿದೆ: ಶಾಲಿನಲ್ಲಿ ಚಪ್ಪಲಿ ಸುತ್ತಿ ಹೊಡೆದ ಹಾಗೆ. ಏಟು ಚಪ್ಪಲಿಯದೇ, ನೋಡುವವರಿಗೆ ಕಾಣುವುದು ಮಾತ್ರ ಶಾಲು. ಇಷ್ಟು ದಿನ ಈ ಸೇವೆ ಬಿಟ್ಟಿಯಾಗಿ ಸಿಗುತ್ತಿತ್ತು. ಈಗ ಚಪ್ಪಲಿಗೆ ಮಖಮಲ್ಲು ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ರಿಬ್ಬನ್ ಕಟ್ಟಿ, ಏಟು ತಿನ್ನುವವನಿಂದಲೇ ಹಣ ಪಡೆದು ಕೈಗೆ ಕೊಡುವ ಏರ್ಪಾಡಾಗಿದೆ.

ದುಬಾರಿ ವೆಲ್ವೆಟ್ ಚಪ್ಪಲಿ ಕೊಳ್ಳುವುದು ಸಾರ್ಥಕವೇ ಎಂಬ ಮಹಾಪ್ರಶ್ನೆಯನ್ನು ನೀವೂ ಓದಿರುತ್ತೀರಿ. ಓದಿಲ್ಲವೆಂದರೆ ನಿಮ್ಮ ಪರವಾಗಿ ನಿಮ್ಮ ಮೊಬೈಲ್ ಓದಿಕೊಂಡಿರುತ್ತದೆ. ನಾನು ಒಂದೇ ಒಂದು ಸಲ ಆ ಚಿತ್ರದ ಮೇಲೆ ತಪ್ಪಿ ಬೆರಳಿಟ್ಟೆ. ಅಂದಿನಿಂದ ನಾಳೆ ಮಳೆ ಬರುತ್ತದೆಯೇ ಎಂದು ನೋಡಲು ಹೋದರೂ ಕಡುಗೆಂಪು ವೆಲ್ವೆಟ್ಟಿನ ಒಂದು ಜೊತೆ ಎದುರಿಗೆ ಬಂದು ನಿಲ್ಲುತ್ತದೆ, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತ ಹಾಗೆ.

ಫ್ಯಾಷನ್ ಬಲ್ಲವರ ತೀರ್ಪು ಹೀಗಿದೆ: ಅದು ಖರ್ಚಲ್ಲ, ಹೂಡಿಕೆ. ಈ ಪದವನ್ನು ಚಪ್ಪಲಿಗೆ ಅಂಟಿಸಿದ ಮಹಾನುಭಾವನ ಪಾದ ತೊಳೆಯಬೇಕು. ಖರ್ಚು ಎಂದರೆ ಮನೆಯಲ್ಲಿ ಜಗಳ, ಹೂಡಿಕೆ ಎಂದರೆ ದೂರದೃಷ್ಟಿ. ಹೊಲದ ಮೇಲೋ ಚಿನ್ನದ ಮೇಲೋ ಹಣ ಹಾಕಿದವನು ಬೆಲೆ ಏರಲಿ ಎಂದು ಕಾಯುತ್ತಾನೆ. ಚಪ್ಪಲಿಯ ಮೇಲೆ ಹಾಕಿದವನು ಅದರ ಮೇಲೆ ತಾನೇ ಏರಿ ನಿಲ್ಲುತ್ತಾನೆ. ಎಪ್ಪತ್ತು ಕಿಲೋ ಭಾರದ ಕೆಳಗೆ ಬೆಳೆದ ಬಂಡವಾಳವನ್ನು ನಾನಂತೂ ಕಂಡಿಲ್ಲ.

ಚಪ್ಪಲಿಗೆ ಗ್ರಂಥಸ್ಥ ಹೆಸರು ಪಾದರಕ್ಷೆ. ಕಲ್ಲು, ಮುಳ್ಳು, ಕೆಸರು ಏನೇ ಎದುರಾಗಲಿ, ಮೊದಲು ತಾನು ಮೈಯೊಡ್ಡಿ ಪಾದವನ್ನು ಕಾಯುವುದು ಅದರ ಧರ್ಮ. ವೆಲ್ವೆಟ್ಟಿನ ವಿಚಾರದಲ್ಲಿ ಮಾತ್ರ ಈ ಸಮಾಸವನ್ನು ಬೇರೆ ರೀತಿ ಬಿಡಿಸಬೇಕಾಗುತ್ತದೆ: ಪಾದದಿಂದ ರಕ್ಷೆ ಪಡೆಯುವುದು ಯಾವುದೋ ಅದು ಪಾದರಕ್ಷೆ. ಷಷ್ಠಿ ಹೋಗಿ ತೃತೀಯೆ ಬಂತು, ವ್ಯಾಕರಣದ ಮೇಷ್ಟ್ರುಗಳು ಕ್ಷಮಿಸಬೇಕು. ಏಕೆಂದರೆ ಈ ಚಪ್ಪಲಿಗೆ ನೀರು ತಾಗಬಾರದು. ಬಿಸಿಲಿನಲ್ಲಿ ಇಡಬಾರದು, ಬಣ್ಣ ಮಾಸುತ್ತದೆ. ಒದ್ದೆ ಬಟ್ಟೆಯಿಂದ ಉಜ್ಜಬಾರದು. ಮೃದುವಾದ ಬ್ರಷ್ಷಿನಿಂದ ಎಳೆಗಳು ಒರಗಿದ ದಿಕ್ಕಿನಲ್ಲಿಯೇ ಸವರಬೇಕು. ಅಪ್ಪಚ್ಚಿಯಾದರೆ ದೂರದಿಂದ ಹಬೆ ತೋರಿಸಬೇಕು, ನೆಗಡಿಯಾದ ಮಗುವಿಗೆ ತೋರಿಸುವ ಹಾಗೆ. ರಾತ್ರಿ ಹೊಟ್ಟೆಗೆ ಕಾಗದ ತುಂಬಿ ಮಲಗಿಸಬೇಕು. ಮಲಗಿಸಲು ಒಂದು ಬಟ್ಟೆಯ ಚೀಲವನ್ನೂ ಅವರೇ ಕೊಡುತ್ತಾರೆ, ಧೂಳು ಕೂರದಿರಲಿ ಎಂದು. ಧೂಳಿನಲ್ಲಿ ನಡೆಯುವುದಕ್ಕೆಂದೇ ಹುಟ್ಟಿದ ವಸ್ತುವಿಗೆ ಧೂಳು ತಾಗದ ಚೀಲ! ಇನ್ನು ಛತ್ರಿಗೊಂದು ರೈನ್‌ಕೋಟ್ ಬರುವುದನ್ನು ಎದುರು ನೋಡುತ್ತಿದ್ದೇನೆ.

ಈ ನಾಜೂಕು ಅದರ ಹುಟ್ಟಿನಲ್ಲೇ ಇದೆ. ಎರಡು ಬಟ್ಟೆಗಳನ್ನು ಎದುರುಬದುರಾಗಿ ಒಟ್ಟಿಗೆ ನೇಯ್ದು, ನಡುವೆ ಓಡಾಡುವ ಎಳೆಗಳನ್ನು ಅಲಗಿನಿಂದ ಸೀಳಿದರೆ ಎರಡು ವೆಲ್ವೆಟ್ ಸಿಗುತ್ತದೆ. ಹೀಗೆ ಕತ್ತರಿಸಿಕೊಂಡು ಎದ್ದು ನಿಂತ ಎಳೆಗಳ ಪುಟ್ಟ ಕಾಡೇ ನಾವು ಸವರಿ ಆಹಾ ಎನ್ನುವ ಮೃದುತ್ವ. ಸವರಿದ ದಿಕ್ಕಿಗೆ ತಕ್ಕಂತೆ ಒಮ್ಮೆ ಕಪ್ಪಾಗಿ, ಒಮ್ಮೆ ಹೊಳೆದು ಕಾಣುತ್ತದೆ. ಹಿಂದೆ ಅದನ್ನು ರೇಷ್ಮೆಯಲ್ಲಿ ನೇಯುತ್ತಿದ್ದರು. ಟ್ಯೂಡರ್ ದೊರೆಗಳ ಇಂಗ್ಲೆಂಡಿನಲ್ಲಿ ಯಾವ ಅಂತಸ್ತಿನವರು ಯಾವ ವೆಲ್ವೆಟ್ ತೊಡಬಹುದೆಂದು ಕಾನೂನೇ ಇತ್ತು. ಈಗ ಆ ಕಾನೂನಿಲ್ಲ, ಆ ರೇಷ್ಮೆಯೂ ಅಪರೂಪ. ಬಹಳಷ್ಟು ವೆಲ್ವೆಟ್ ಪಾಲಿಯೆಸ್ಟರ್, ಅಂದರೆ ಪೆಟ್ರೋಲಿಯಂನ ಮೊಮ್ಮಗಳು. ಅಂತಸ್ತನ್ನು ಕಾಯುವ ಕೆಲಸವನ್ನು ಕಾನೂನಿನಿಂದ ಕಿತ್ತು ಬೆಲೆಚೀಟಿಗೆ ವಹಿಸಿದ್ದಾರೆ, ಅಷ್ಟೇ.

ಇವತ್ತು ಬೀದಿಗಿಳಿದಿರುವ ಚಪ್ಪಲಿಯ ಹಿರಿಯಜ್ಜನೊಬ್ಬನಿದ್ದಾನೆ: ಆಲ್ಬರ್ಟ್ ಸ್ಲಿಪ್ಪರ್. ವಿಕ್ಟೋರಿಯಾ ರಾಣಿಯ ಗಂಡ, 1861ರಲ್ಲಿ ತೀರಿಕೊಂಡ ರಾಜಕುಮಾರ ಆಲ್ಬರ್ಟನ ಹೆಸರು. ಮೇಲೆ ವೆಲ್ವೆಟ್, ಒಳಗೆ ಹೊಲಿಗೆ ಹಾಕಿದ ರೇಷ್ಮೆಯ ಅಸ್ತರಿ, ಅಡಿಗೆ ತೆಳುವಾದ ಚರ್ಮ. ಸಿರಿವಂತ ಗಂಡಸರು ಹೊರಗಿನ ಬೂಟು ಬಿಚ್ಚಿಟ್ಟು, ರಾತ್ರಿ ಊಟವಾದ ಮೇಲೆ ಹೊಗೆ ಸೇದುತ್ತಾ ಕುಳಿತುಕೊಳ್ಳಲು ಹಾಕಿಕೊಳ್ಳುತ್ತಿದ್ದರು. ಗಮನಿಸಿ, ಕುಳಿತುಕೊಳ್ಳಲು. ಊಟದ ಕೋಣೆಯಿಂದ ಕುರ್ಚಿಯವರೆಗಿನ ರತ್ನಗಂಬಳಿ ಅದರ ಇಡೀ ಭೂಗೋಳ. ಅಂಥದ್ದನ್ನು ಎಳೆದು ತಂದು ಬಸ್ ಹತ್ತಲು ಹೇಳಿದರೆ ಪಾಪ ಅದೇನು ಮಾಡೀತು?

ಚಪ್ಪಲಿಯ ಮೂಗಿನ ಮೇಲೆ ಕಸೂತಿ ಬೇರೆ. ಆಗ ಮನೆತನದ ಲಾಂಛನವನ್ನೋ ಹೆಸರಿನ ಮೊದಲಕ್ಷರಗಳನ್ನೋ ಚಿನ್ನದ ದಾರದಲ್ಲಿ ಹೊಲಿಸಿಕೊಳ್ಳುತ್ತಿದ್ದರು. ಈಗ ಮನೆತನವಿಲ್ಲದ ನಮ್ಮಂಥವರಿಗಾಗಿ ಸಿದ್ಧ ಲಾಂಛನಗಳಿವೆ: ಕಿರೀಟ, ನರಿ, ತಲೆಬುರುಡೆ, ಲಂಗರು. ಈಜು ಬಾರದವನ ಕಾಲಿನಲ್ಲಿ ಲಂಗರು. ನಾಯಿ ಬೊಗಳಿದರೆ ಓಡುವವನ ಕಾಲಿನಲ್ಲಿ ಬೇಟೆಯ ನರಿ. ಹೆಸರಿನ ಅಕ್ಷರ ಹಾಕಿಸಿಕೊಳ್ಳುವವರ ಬಗ್ಗೆ ನನಗೆ ಸಹಾನುಭೂತಿಯಿದೆ. ವಯಸ್ಸಾದ ಹಾಗೆ ಮರೆವು ಬರುತ್ತದೆ, ತಲೆ ತಗ್ಗಿಸಿದರೆ ತಾನು ಯಾರೆಂದು ತಿಳಿಯುತ್ತದೆ. ಆದರೆ ಹೊಟ್ಟೆ ಮುಂದೆ ಬಂದವರು ಏನು ಮಾಡಬೇಕು ಎಂಬುದನ್ನು ಯಾರೂ ಬರೆದಿಲ್ಲ.

ನಡೆಯಲು ಬಾರದ ಪಾದರಕ್ಷೆ ಇವರೇನೂ ಹೊಸದಾಗಿ ಕಂಡುಹಿಡಿದದ್ದಲ್ಲ. ಹದಿನೈದು, ಹದಿನಾರನೆಯ ಶತಮಾನದ ವೆನಿಸ್ಸಿನಲ್ಲಿ ಶ್ರೀಮಂತ ಹೆಂಗಸರು ಚೊಪೀನ್ ಎಂಬ ಗದ್ದುಗೆಯನ್ನೇ ಮೆಟ್ಟುತ್ತಿದ್ದರು. ಕೆಲವು ಸುಮಾರು 50 ಸೆಂಟಿಮೀಟರ್ ಎತ್ತರ, ಕೆಲವಕ್ಕೆ ವೆಲ್ವೆಟ್ ಹೊದಿಕೆ. ಅಷ್ಟೆತ್ತರ ಏರಿದ ಮೇಲೆ ಬೀಳದಿರಲು ಸೇವಕರ ಹೆಗಲು ಬೇಕು. ಸೇವಕರಿದ್ದಾರೆ ಎಂದು ಜನರಿಗೆ ತಿಳಿಯಲು ಅಷ್ಟೆತ್ತರ ಏರಬೇಕು. ಇಂಗ್ಲೆಂಡಿನ ಗಂಡಸರು ಬೂಟಿನ ಮೂತಿಯನ್ನು ಉದ್ದ ಬೆಳೆಸುತ್ತಾ ಹೋದರು. ಕೊನೆಗೆ 1463ರಲ್ಲಿ, ಪ್ರಭುಗಳಿಗಿಂತ ಕೆಳಗಿನವರ ಮೂತಿ ಎರಡು ಅಂಗುಲ ಮೀರಬಾರದು ಎಂದು ಕಾನೂನು ಮಾಡಬೇಕಾಯಿತು. ರೋಮಿನ ಪೋಪ್ ಮನೆಯೊಳಗೆ ತೊಡುತ್ತಿದ್ದ ಕೆಂಪು ಚಪ್ಪಲಿಯೂ ವೆಲ್ವೆಟ್ಟಿನದೋ ರೇಷ್ಮೆಯದೋ ಆಗಿದ್ದು, ಮೇಲೆ ಚಿನ್ನದ ಶಿಲುಬೆ ಇರುತ್ತಿತ್ತು. ಭೇಟಿಗೆ ಬಂದವರು ಬಾಗಿ ಅದಕ್ಕೆ ಮುತ್ತಿಡಬೇಕಿತ್ತು. ಆರನೆಯ ಪಾಲ್ ಎಂಬ ಪೋಪ್ ಕಳೆದ ಶತಮಾನದಲ್ಲಿ ಅದನ್ನು ನಿಲ್ಲಿಸಿದರು. ಭರತ ಸಿಂಹಾಸನದ ಮೇಲಿಟ್ಟ ಪಾದುಕೆಗಳೂ ಹದಿನಾಲ್ಕು ವರ್ಷ ಒಂದು ಹೆಜ್ಜೆಯೂ ನಡೆಯಲಿಲ್ಲ ನಿಜ. ಆದರೆ ಅವು ರಾಜ್ಯ ಆಳಿದವು. ಇವು ಕಪಾಟನ್ನು ಆಳುತ್ತವೆ.

ಇಷ್ಟರವರೆಗೆ ನಗುತ್ತಲೇ ಬಂದೆ. ನನ್ನ ನಗು ಸಿಕ್ಕಿಕೊಂಡದ್ದು ಫುರ್ಲಾನೆಯ ಹತ್ತಿರ.

ಈಗ ಬಹಳ ಹೊಗಳಿಸಿಕೊಳ್ಳುತ್ತಿರುವ ವೆಲ್ವೆಟ್ ಚಪ್ಪಲಿ ಅದು. ಇಟಲಿಯ ಈಶಾನ್ಯ ಮೂಲೆಯಲ್ಲಿರುವ ಫ್ರಿಯುಲಿ ಎಂಬ ಸೀಮೆಯದು. ಅಲ್ಲಿನ ರೈತಾಪಿ ಹೆಂಗಸರು ಅದನ್ನು ಮನೆಯಲ್ಲೇ ಹೊಲಿಯುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಕಾಲಕ್ಕೆ ಚರ್ಮ ಕೊಳ್ಳಲು ಯಾರ ಹತ್ತಿರ ಕಾಸಿತ್ತು? ಹರಿದ ಬಟ್ಟೆ, ಗೋಣಿಚೀಲದ ತುಂಡು ಎಲ್ಲವನ್ನೂ ಪದರ ಪದರವಾಗಿ ಪೇರಿಸಿ, ದಪ್ಪ ದಾರದಲ್ಲಿ ಒತ್ತೊತ್ತಾಗಿ ಹೊಲಿದು, ಕೆಳಗೆ ಸವೆದ ಸೈಕಲ್ ಟಯರನ್ನು ಕತ್ತರಿಸಿ ಕೂಡಿಸುತ್ತಿದ್ದರು. ಎಲ್ಲೋ ಉಳಿದ ಹಳೆಯ ಬಟ್ಟೆಯ ಚೂರು ಮೇಲ್ಭಾಗವಾಗುತ್ತಿತ್ತು. ಹಾಗೆ ಹೊಲಿದದ್ದು ವೆನಿಸ್ಸಿಗೆ ಹೋಯಿತು. ಅಲ್ಲಿನ ಗೊಂಡೊಲಾ ದೋಣಿಗಾರರಿಗೆ ಅದು ಬಹಳ ಹಿಡಿಸಿತು. ಒದ್ದೆ ಹಲಗೆಯ ಮೇಲೆ ಟಯರು ಜಾರುವುದಿಲ್ಲ, ದೋಣಿಯ ಮೆರುಗನ್ನು ಗೀರುವುದೂ ಇಲ್ಲ. ಇಡೀ ದಿನ ನಿಂತು ಹುಟ್ಟು ಹಾಕುವವನಿಗೆ ಇನ್ನೇನು ಬೇಕು? ಎಷ್ಟು ಬುದ್ಧಿವಂತಿಕೆಯ ಚಪ್ಪಲಿ ನೋಡಿ. ಒಂದು ಹೊಲಿಗೆಯೂ ತೋರಿಕೆಗಲ್ಲ, ಒಂದು ಚೂರೂ ದಂಡವಲ್ಲ.

ಅದೇ ಚಪ್ಪಲಿ ಈಗ ಗಾಜಿನ ಕಪಾಟಿನಲ್ಲಿ ದೀಪದ ಕೆಳಗೆ ಕುಳಿತಿದೆ. ಅದರ ಬಡತನದ ಕಥೆಯನ್ನು ಸುಂದರವಾದ ಅಕ್ಷರಗಳಲ್ಲಿ ಅಚ್ಚು ಹಾಕಿ ಪೆಟ್ಟಿಗೆಯೊಳಗೆ ಇಡುತ್ತಾರೆ. ಅಜ್ಜಿಯರ ಕೈಗುಣ, ಹಳ್ಳಿಯ ಸರಳತೆ, ಮರುಬಳಕೆಯ ವಿವೇಕ. ಆ ಅಜ್ಜಿಯರು ಮರುಬಳಕೆ ಮಾಡಲಿಲ್ಲ ಸ್ವಾಮಿ, ಅವರ ಬಳಿ ಬೇರೇನೂ ಇರಲಿಲ್ಲ. ಮಕ್ಕಳ ಕಾಲು ಚಳಿಗೆ ಒಡೆಯಬಾರದೆಂದು ರಾತ್ರಿ ಕುಳಿತು ಹೊಲಿದರು. ಬೆರಳಿಗೆ ಸೂಜಿ ಚುಚ್ಚಿದಾಗ ಅವರಿಗೆ ಅದು ಪರಂಪರೆ ಎನಿಸಿರಲಾರದು. ತೇಪೆ ಹಾಕಿದ್ದನ್ನು ತೊಟ್ಟು ನಡೆದಾಗ ಅವರನ್ನು ಬಡವರೆಂದರು. ಇಂದು ತೇಪೆ ಕೊಂಡು ತೊಟ್ಟವನನ್ನು ರಸಿಕ ಎನ್ನುತ್ತಾರೆ. 2022ರಲ್ಲಿ ಬಲೆನ್ಸಿಯಾಗ ಎಂಬ ದೊಡ್ಡ ಫ್ಯಾಷನ್ ಮನೆ ಹರಿದು ಚಿಂದಿಯಾದ, ಕೊಳೆ ಮೆತ್ತಿದಂತೆ ಕಾಣುವ ಬೂಟುಗಳನ್ನು ನೂರೇ ಜೊತೆ ಎಂದು ಲೆಕ್ಕವಿಟ್ಟು ಮಾರಾಟಕ್ಕಿಟ್ಟಿತು. ನಕ್ಕು ಸುಮ್ಮನಾದೆವು. ನನಗೆ ಈಗ ನಗು ಬರುವುದಿಲ್ಲ. ನಿಜವಾಗಿಯೂ ಹರಿದ ಬೂಟು ಹಾಕಿದವನನ್ನು ಅದೇ ಅಂಗಡಿಯ ಕಾವಲುಗಾರ ಒಳಗೆ ಬಿಡುತ್ತಾನೆಯೇ? ಕೈಯಲ್ಲಿ ಹೊಲಿದದ್ದು ಎಂದು ಬೆಲೆ ಏರಿಸುತ್ತಾರೆ. ಯಾರ ಕೈ, ಆ ಕೈಗೆ ಎಷ್ಟು ಸಿಕ್ಕಿತು ಎಂದು ಕೇಳಿದರೆ ಪೆಟ್ಟಿಗೆಯಲ್ಲಿ ಅದಕ್ಕೆ ಚೀಟಿ ಇಲ್ಲ. ಚಪ್ಪಲಿಯ ಮೂಗಿನ ಮೇಲೆ ಕೊಂಡವನ ಹೆಸರಿದೆ, ಹೊಲಿದವಳ ಹೆಸರು ಅಡಿಯಲ್ಲೂ ಇಲ್ಲ. ಇದನ್ನು ಸರಳ ಬದುಕು ಎಂದು ಕರೆಯುತ್ತಾರೆ. ಸಾಕಾಗಿದೆ.

ಇರಲಿ. ಕೊಳ್ಳಬೇಕೆ ಬೇಡವೇ ಎಂಬುದು ತಾನೇ ಪ್ರಶ್ನೆ. ತಿಳಿಯದೆ ಬರೆಯಬಾರದೆಂದು ಒಂದು ಅಂಗಡಿಗೆ ಹೋಗಿ ಕಾಲಿಗೆ ಹಾಕಿಕೊಂಡು ನೋಡಿದೆ. ಸುಳ್ಳು ಹೇಳಲಾರೆ, ಮೆತ್ತಗಿತ್ತು. ಬಹಳ ಮೆತ್ತಗಿತ್ತು. ಒಂದು ಕ್ಷಣ ನನ್ನ ಕಾಲು ನನ್ನದಲ್ಲವೇನೋ ಎನಿಸಿತು. ಎದ್ದು ನಾಲ್ಕು ಹೆಜ್ಜೆ ಹಾಕಿದೆ. ತೆಳು ಚರ್ಮದ ಅಡಿ ನುಣುಪು ನೆಲದ ಮೇಲೆ ಸರ್ರನೆ ಜಾರಿ, ಎದುರಿನ ಕನ್ನಡಿಯನ್ನು ಅಪ್ಪಿಕೊಂಡು ಉಳಿದೆ. ಸ್ಲಿಪ್ಪರ್ ಎಂಬ ಹೆಸರಿನಲ್ಲೇ ಎಚ್ಚರಿಕೆ ಇದೆಯಲ್ಲ ಎಂದು ಆಗ ಹೊಳೆಯಿತು.

"ಇದನ್ನು ಹಾಕಿಕೊಂಡು ಎಲ್ಲಿಗೆ ಹೋಗಬಹುದು?" ಎಂದು ಅಂಗಡಿಯ ಹುಡುಗನನ್ನು ಕೇಳಿದೆ.

"ಎಲ್ಲಿಗೆ ಬೇಕಾದರೂ ಹೋಗಬಹುದು ಸರ್, ನಡೆಯುವುದು ಜಾಸ್ತಿ ಇರಬಾರದು ಅಷ್ಟೇ" ಎಂದ. ಪ್ರಾಮಾಣಿಕ. ಅವನ ಕಾಲಿನಲ್ಲಿ ಗಟ್ಟಿಮುಟ್ಟಾದ ರಬ್ಬರ್ ಅಡಿಯ ಬೂಟುಗಳಿದ್ದವು. ದಿನಕ್ಕೆ ಹತ್ತು ಗಂಟೆ ನಿಲ್ಲುವವನು ಅವನು.

ನಾನು ಕೊಳ್ಳಲಿಲ್ಲ. ನನ್ನ ಗೆಳೆಯನೊಬ್ಬ ಕೊಂಡ, ಕಡುಹಸಿರು ಬಣ್ಣದ್ದು, ಮೂಗಿನ ಮೇಲೆ ಕಿರೀಟ. ತೊಟ್ಟು ಮೊದಲ ಬಾರಿಗೆ ಒಂದು ಸಂಜೆಯ ಔತಣಕ್ಕೆ ಹೊರಟ. ಅಲ್ಲಿ ಎಲ್ಲರೂ ಅವನ ಕಾಲನ್ನೇ ನೋಡಿದರಂತೆ. ಮುಖ ನೋಡಿ ಮಾತನಾಡಿಸಿದವರು ಇಬ್ಬರೇ ಅಂತೆ, ಆದರೂ ತೃಪ್ತನಾಗಿದ್ದ. ಮರಳುವಾಗ ಮಳೆ ಹನಿಯಲು ಶುರುವಾಯಿತು. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. ಎರಡೂ ಚಪ್ಪಲಿ ಕಳಚಿ, ಒಂದರ ಬೆನ್ನಿಗೆ ಇನ್ನೊಂದನ್ನು ಜೋಡಿಸಿ, ಅಂಗಿಯೊಳಗೆ ಎದೆಗವುಚಿಕೊಂಡು ಬರಿಗಾಲಿನಲ್ಲಿ ಓಡಿದ. ಜಲ್ಲಿ, ಕೆಸರು, ಕೊನೆಗೆ ಒಡೆದ ಬಾಟಲಿಯ ಗಾಜು.

ನೋಡಲು ಹೋಗಿದ್ದೆ. ಬಲಗಾಲಿಗೆ ಮೂರು ಹೊಲಿಗೆ, ದಪ್ಪನೆಯ ಬ್ಯಾಂಡೇಜು. ಎರಡು ವಾರ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ ಎಂದಿದ್ದಾರಂತೆ ಡಾಕ್ಟರು. ಅವನು ಕುರ್ಚಿಯಲ್ಲಿ ಒರಗಿ, ರತ್ನಗಂಬಳಿಯ ಮೇಲೆ ಎಡಗಾಲು ಚಾಚಿ ಕುಳಿತಿದ್ದ. ಎಡಗಾಲಿನಲ್ಲಿ ಕಡುಹಸಿರು ವೆಲ್ವೆಟ್, ಕಿರೀಟ ಸಮೇತ. ಬಲಗಾಲಿನದು ಬ್ಯಾಂಡೇಜಿನ ಮೇಲೆ ಹಿಡಿಸಲಿಲ್ಲವೆಂದು ತೊಡೆಯ ಮೇಲಿತ್ತು. ಪುಟ್ಟ ಬ್ರಷ್ಷಿನಿಂದ ಎಳೆ ಒರಗಿದ ದಿಕ್ಕಿನಲ್ಲಿ ಮೆಲ್ಲಗೆ ಅದನ್ನು ಸವರುತ್ತಿದ್ದ.

"ಒಂದು ಹನಿಯೂ ತಾಗಿಲ್ಲ ನೋಡು" ಎಂದ.