ಉಬ್ಬಿದ ಇಟ್ಟಿಗೆ

ಎರಡು ದಿನದಿಂದ ನಮ್ಮ ಮನೆಯಲ್ಲಿ ಯಾರೂ ಸ್ನಾನ ಮಾಡಿಲ್ಲ. ಮಗಳು ಮೈಗೆಲ್ಲ ಪೌಡರ್ ಸುರಿದುಕೊಂಡು ಸ್ಕೂಲಿಗೆ ಹೋದಳು. ಹೆಂಡತಿ ಒದ್ದೆ ಟವಲಿನಲ್ಲಿ ಕೈಕಾಲು ಒರೆಸಿಕೊಂಡು ಆಫೀಸಿಗೆ ಹೊರಟಳು. ಹೋಗುವಾಗ ನನ್ನ ಕಡೆ ನೋಡಲಿಲ್ಲ. ನನ್ನದು ಮನೆಯಿಂದಲೇ ಕೆಲಸ, ಹಾಗಾಗಿ ಬಚ್ಚಲು ಕಾಯುವ ಡ್ಯೂಟಿಯೂ ನನ್ನದೇ. ಇಷ್ಟಕ್ಕೆಲ್ಲ ಮೂಲ ಒಂದು ಕಟ್ಟು ಕೊತ್ತಂಬರಿ ಸೊಪ್ಪು.

ಮೊದಲೆಲ್ಲ ತರಕಾರಿ ಕೊಂಡರೆ ಗಾಡಿಯವನು ಮೇಲೊಂದಿಷ್ಟು ಕೊತ್ತಂಬರಿ, ನಾಲ್ಕು ಎಸಳು ಕರಿಬೇವು ಸುಮ್ನೆ ಹಾಕುತ್ತಿದ್ದ. ಈಗ ಅದೇ ಗಾಡಿಯವನು ಆರು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ 20 ರೂಪಾಯಿ ಅನ್ನುತ್ತಾನೆ. ಹೋದ ವಾರ ಅವನ ಎದುರೇ ಘೋಷಿಸಿಬಿಟ್ಟೆ: 'ಇನ್ಮೇಲೆ ಮನೆಯಲ್ಲೇ ಬೆಳೀತೀವಿ.' ಅವನು ತುಂಬಾ ಖುಷಿಯಿಂದ 'ಬೆಳೀರಿ ಸಾರ್' ಅಂದ. ಆ ಖುಷಿಯನ್ನು ಆಗಲೇ ಅನುಮಾನಿಸಬೇಕಿತ್ತು.

ನನ್ನ ಈ ಥರದ ಉಳಿತಾಯಕ್ಕೆ ಇತಿಹಾಸವಿದೆ. ಒಂಬತ್ತನೇ ಕ್ಲಾಸಿನ ಮಗಳು ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾಳೆ. ತಲೆಬರಹ 'ಅಪ್ಪ ಉಳಿಸಿದ್ದು'. ಮೊದಲನೇ ಸಾಲು ನಲ್ಲಿಯ ವಾಷರ್. 10 ರೂಪಾಯಿಯ ವಾಷರ್ ನಾನೇ ಹಾಕಿದೆ, ಥ್ರೆಡ್ ಹಾಳಾಯಿತು, ಹೊಸ ನಲ್ಲಿ ಮತ್ತು ಕೂಲಿ ಸೇರಿ 650. ಎರಡನೇದು ಹಳೇ ಪ್ಲೈವುಡ್ಡಿನ ಚಪ್ಪಲಿ ಸ್ಟ್ಯಾಂಡ್. ಅದು ನಿಂತಿದೆ, ಆದರೆ ಚಪ್ಪಲಿ ಇಟ್ಟರೆ ನಿಲ್ಲುವುದಿಲ್ಲ. ಮೂರನೇದರ ಬಗ್ಗೆ ಮಾತಾಡುವುದು ಬೇಡ.

ನಮ್ಮದು ಬಾಡಿಗೆ ಮನೆ. ಮೇಲೆ ನಾವು, ಕೆಳಗೆ ಓನರ್. ರಿಟೈರಾದವರು, ಒಳ್ಳೆಯವರು. ಒಂದು ದಿನವೂ ಧ್ವನಿ ಏರಿಸಿದವರಲ್ಲ. ಅವರು ಏನೇ ಹೇಳಿದರೂ ಕೊನೆಗೆ ಒಂದು 'ಅಲ್ವಾ' ಸೇರಿಸುತ್ತಾರೆ, ಅಷ್ಟೇ. 'ಬಾಡಿಗೆ 5ನೇ ತಾರೀಕು, ಅಲ್ವಾ?' 'ಗೋಡೆಗೆ ಮೊಳೆ ಹೊಡೆಯಲ್ಲ, ಅಲ್ವಾ?' ಕೇಳಿದರೆ ಪ್ರಶ್ನೆ ಅನ್ನಿಸುತ್ತೆ. ಉತ್ತರ ಕೊಡಲು ಹೋಗಬಾರದು. ಆ ಒಂದು 'ಅಲ್ವಾ'ದಿಂದಾಗಿ ಮೂರು ವರ್ಷದಿಂದ ನಮ್ಮ ಗೋಡೆ ಗಡಿಯಾರ ಟಿವಿ ಪಕ್ಕ ನೆಲಮಟ್ಟದಲ್ಲಿ ಕೂತಿದೆ. ಟೈಮು ನೋಡಬೇಕಾದರೆ ಬಗ್ಗಬೇಕು.

ಟೆರೇಸಿನಲ್ಲಿ ನಾಲ್ಕು ಕುಂಡ ಇಡಲೇ ಅಂತ ಅವರನ್ನು ಕೇಳಿದೆ.

'ಮಣ್ಣು ಬಹಳ ತೂಕ. ಮಳೆ ಬಿದ್ದರೆ ಇನ್ನೂ ಜಾಸ್ತಿ. ಆರ್‌ಸಿಸಿ ತಡೆಯಲ್ಲ, ಅಲ್ವಾ?'

ಅದೇ ಆರ್‌ಸಿಸಿ ಮೇಲೆ ಅವರ 1000 ಲೀಟರ್ ನೀರಿನ ಟ್ಯಾಂಕು ಕೂತಿದೆ. ತುಂಬಿದರೆ ಬರೀ ನೀರೇ ಒಂದು ಟನ್. ಈ ಲೆಕ್ಕ ನಾಲಿಗೆ ತುದಿಯವರೆಗೆ ಬಂದು ವಾಪಸ್ ಹೋಯಿತು. ನಮ್ಮ 11 ತಿಂಗಳ ಅಗ್ರಿಮೆಂಟ್ ಮುಂದಿನ ತಿಂಗಳು ಮುಗಿಯುತ್ತೆ.

ಮಣ್ಣಿಲ್ಲದೆ ಬೆಳೆಯುವುದು ಹೇಗೆ ಅಂತ ವಿಡಿಯೋ ನೋಡಿದೆ. ಉತ್ತರ ಸಿಕ್ಕಿತು: ಕೊಕೊಪೀಟ್. ತೆಂಗಿನ ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿ. ಹಗುರ. ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿದುಕೊಳ್ಳುತ್ತೆ. ಬೇಗ ಕೊಳೆಯುವುದಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತೆ. ಈ ಗುಣಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅದರಲ್ಲಿ ಸತ್ವ ಇಲ್ಲ, ಗೊಬ್ಬರ ಬೆರೆಸಬೇಕು. ಉಪ್ಪಿನಂಶ ಇರುತ್ತೆ, ಮೂರು ಸಲ ತೊಳೆಯಬೇಕು. ಪೇಂಟ್ ಬಕೆಟ್ಟುಗಳು ಮನೆಯಲ್ಲೇ ಇದ್ದವು, ಕೊತ್ತಂಬರಿ ಬೀಜ ಸಾರಿನ ಡಬ್ಬಿಯಲ್ಲಿತ್ತು. 280 ರೂಪಾಯಿಗೆ, ಈ ಪುಡಿಯನ್ನೇ ಒತ್ತಿ ಮಾಡಿದ 5 ಕೆಜಿಯ ಒಂದು ಇಟ್ಟಿಗೆ ತರಿಸಿದೆ. 'ನೆನೆಸಿದರೆ 70 ಲೀಟರ್ ಆಗುತ್ತದೆ' ಅಂತ ಅದರ ಮೇಲೆ ಬರೆದಿತ್ತು. ಪ್ಯಾಕೆಟ್ ಮೇಲೆ ಬರೆದಿದ್ದನ್ನೆಲ್ಲ ನಂಬುವ ವಯಸ್ಸು ನನಗೆ ದಾಟಿದೆ.

ಭಾನುವಾರ ಸಂಜೆ ಕಾರ್ಯಕ್ರಮ ಶುರು. ಇಟ್ಟಿಗೆ ಬಕೆಟ್ಟಿನೊಳಗೆ ಇಳಿಯಲಿಲ್ಲ. ಮಗಳು ಮಗುವಾಗಿದ್ದಾಗ ಸ್ನಾನ ಮಾಡಿಸುತ್ತಿದ್ದ ಟಬ್ ಅಟ್ಟದ ಮೇಲಿತ್ತು, ಇಳಿಸಿದೆ. ಬಚ್ಚಲಲ್ಲಿಟ್ಟು ಒಂದು ಕೊಡ ನೀರು ಹಾಕಿದೆ. ಚುರ್ ಅಂತ ಸಣ್ಣ ಸದ್ದು ಬಂತು, ನೀರು ಮಾಯ. ಇನ್ನೊಂದು ಕೊಡ. ಅದೂ ಮಾಯ. ಬೇಸಿಗೆಯಲ್ಲಿ ಬಸ್ಸಿಳಿದು ಬಂದ ನೆಂಟರು ನೀರು ಕುಡಿದ ಹಾಗೆ ಕುಡಿಯುತ್ತಿತ್ತು. ಎಷ್ಟು ಅಂತ ಹೊತ್ತು ಹಾಕುವುದು? ನಲ್ಲಿಯನ್ನು ಸಣ್ಣಗೆ ತಿರುಗಿಸಿಟ್ಟು ಕಾಫಿ ಕುಡಿಯಲು ಹೋದೆ. ಟಿವಿಯಲ್ಲಿ ಮ್ಯಾಚ್ ಬರುತ್ತಿತ್ತು. ಇದಕ್ಕಿಂತ ಜಾಸ್ತಿ ವಿವರ ಬೇಡ.

ವಾಪಸ್ ಬಂದು ನೋಡುತ್ತೇನೆ, ಏಪ್ರಿಲ್ ತಿಂಗಳ ದೋಸೆ ಹಿಟ್ಟಿನ ಹಾಗೆ ಅದು ಟಬ್ ತುಂಬಿ, ಉಕ್ಕಿ, ಬಚ್ಚಲಿನ ಅರ್ಧ ನೆಲ ಆವರಿಸಿದೆ. ಕಂದು ಬಣ್ಣ, ಮೆತ್ತಗೆ. ಹೆಂಡತಿಯ ಶಾಂಪೂ ಬಾಟಲಿಯ ಮೂತಿ ಮಾತ್ರ ಮೇಲೆ ಕಾಣುತ್ತಿದೆ. ಮಧ್ಯದಲ್ಲಿ ಇನ್ನೂ ಅರ್ಧ ಇಟ್ಟಿಗೆ ಗಟ್ಟಿಯಾಗಿ ಕೂತು, ನಿಧಾನವಾಗಿ ಉಬ್ಬುತ್ತಲೇ ಇದೆ. 70 ಲೀಟರ್ ಅಂದರೆ ಮೂರೂವರೆ ಬಕೆಟ್. ಪ್ಯಾಕೆಟ್ಟಿನವನು ಸುಳ್ಳು ಹೇಳಿರಲಿಲ್ಲ. ಜೀವನದಲ್ಲಿ ಮೊದಲ ಸಲ ಒಬ್ಬ ಕಂಪನಿಯವನು ನಿಜ ಹೇಳಿದ್ದ, ನಾನು ನಂಬಲಿಲ್ಲ.

ಅಲ್ಲಿಗೇ ನಿಲ್ಲಿಸಿ ಬಾಚಿ ತುಂಬಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ಮೂರು ಸಲ ತೊಳೆಯಬೇಕಿತ್ತಲ್ಲ. ಹಳೇ ಪಂಚೆಯಲ್ಲಿ ಕಟ್ಟಿ ಹಿಂಡಿದೆ. ಪಂಚೆ ಹರಿಯಿತು. ನೀರು ನಿಂತಿತು. ನೀರು ಬೇಗ ಹೋಗಲಿ ಅಂತ ಬಚ್ಚಲ ತೂಬಿನ ಜಾಲರಿಯನ್ನು ಎತ್ತಿದೆ.

ಜಾಲರಿ ಎತ್ತಿದ ವಿಷಯ ಹೆಂಡತಿಗೆ ಇನ್ನೂ ಹೇಳಿಲ್ಲ. ಓದುವವರೂ ಹೇಳಬೇಡಿ.

ನೀರು ಗಳಗಳ ಅಂತ ಹೋಯಿತು. ಒಂದು ನಿಮಿಷ ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಆಮೇಲೆ ಗಳಗಳ ನಿಂತಿತು. ಆಗ ವಿಡಿಯೋದವನ ಮಾತು ನೆನಪಾಯಿತು: ನೀರು ಹಿಡಿದುಕೊಳ್ಳುತ್ತೆ, ಕೊಳೆಯಲ್ಲ, ವರ್ಷಗಟ್ಟಲೆ ಹಾಗೇ ಇರುತ್ತೆ.

ಕೆಳಗಿನಿಂದ ಸ್ವರ ಬಂತು. 'ಸಾರ್, ಒಂದ್ ನಿಮಿಷ ಬರ್ತೀರಾ?'

ಓನರ್ ಬಚ್ಚಲ ಬಾಗಿಲಲ್ಲಿ ಟವಲು ಸುತ್ತಿಕೊಂಡು ನಿಂತಿದ್ದರು. ಅರ್ಧ ಮುಖಕ್ಕೆ ಸೋಪಿನ ನೊರೆ. ಕಾಲ ಬಳಿಯ ತೂಬಿನಿಂದ ಕಂದು ನೀರು ಬುಳುಬುಳು ಅಂತ ಮೇಲೇಳುತ್ತಿತ್ತು. ಇಬ್ಬರದೂ ಒಂದೇ ಪೈಪು ಅನ್ನುವುದು ನನಗೆ ತಿಳಿದದ್ದು ಆಗಲೇ.

'ಮಣ್ಣು ಬೇಡ ಅಂದಿದ್ದೆ, ಅಲ್ವಾ?'

'ಇದು ಮಣ್ಣಲ್ಲ ಸಾರ್, ಕೊಕೊಪೀಟು.'

ಅವರು ಕಾಲ್ಬೆರಳಿನಿಂದ ಸ್ವಲ್ಪ ಮುಟ್ಟಿ ನೋಡಿದರು. ನೊರೆ ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. 'ಹಾಗಾದ್ರೆ ಅದೂ ಬೇಡ, ಅಲ್ವಾ?'

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪ್ಲಂಬರ್ ಸೋಮವಾರ ಬಂದ. ಬಂದವನೇ ಎಲ್ಲ ಪ್ಲಂಬರ್‌ಗಳೂ ಕೇಳುವ ಪ್ರಶ್ನೆ ಕೇಳಿದ: 'ಯಾರ್ ಮಾಡಿದ್ದು ಇದು?' ಲೊಚಗುಟ್ಟಿದ. ಉದ್ದನೆಯ ಸ್ಪ್ರಿಂಗ್ ವೈರ್ ತೂರಿಸಿ ಎಳೆದ, ತುದಿಯಲ್ಲಿ ಒಂದು ಮುಷ್ಟಿ ಪುಡಿ ಬಂತು. ಇನ್ನೊಮ್ಮೆ ಎಳೆದ, ಇನ್ನೊಂದು ಮುಷ್ಟಿ. 'ಕೆಳಗೆ ಚೇಂಬರ್ ಓಪನ್ ಮಾಡಿ ಪ್ರೆಶರ್ ಕೊಡಬೇಕು, ಮಷೀನ್ ತರ್ತೀನಿ' ಅಂತ 500 ರೂಪಾಯಿ ಅಡ್ವಾನ್ಸ್ ತೆಗೆದುಕೊಂಡು ಹೋದ. ವೈರ್ ನಮ್ಮ ಬಚ್ಚಲಲ್ಲೇ ಬಿಟ್ಟಿದ್ದಾನೆ. ಬಂದೇ ಬರುತ್ತಾನೆ ಅನ್ನುವುದಕ್ಕೆ ಇರುವ ಸಾಕ್ಷಿ ಅದೊಂದೇ.

ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ನಮ್ಮೂರು ತಿಪಟೂರಿನ ಹತ್ತಿರ. ತೆಂಗು, ಕೊಬ್ಬರಿ ಬಿಟ್ಟರೆ ಅಲ್ಲಿ ಬೇರೆ ಮಾತಿಲ್ಲ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ, 'ನಾರಿನ ಪುಡಿಗಾ? ದುಡ್ಡು ಕೊಟ್ಟಾ?' ಅಂದರು.

ನಾನು ಸ್ಕೂಲಿಗೆ ಹೋಗುವ ದಾರಿಯಲ್ಲಿ ಒಂದು ನಾರಿನ ಮಿಲ್ಲಿತ್ತು. ಅದರ ಹಿಂದೆ ಈ ಪುಡಿ ಗುಡ್ಡದಂತೆ ಬಿದ್ದಿರುತ್ತಿತ್ತು. ಹತ್ತಿ ಜಾರುತ್ತಿದ್ದೆವು. ಚಡ್ಡಿಯೊಳಗೆಲ್ಲ ತುಂಬಿಕೊಂಡು ಬಂದರೆ ಅಜ್ಜಿ ಹಿತ್ತಲಲ್ಲೇ ನಿಲ್ಲಿಸಿ ಝಾಡಿಸುತ್ತಿದ್ದಳು. ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುರುಕಿ, ಹಂಡೆಯ ಬಿಸಿನೀರನ್ನು ಕಣ್ಣು ಉರಿಯುವ ಹಾಗೆ ತಲೆ ಮೇಲೆ ಹೊಯ್ಯುತ್ತಿದ್ದಳು. ಆ ನೀರು ಯಾವ ಪೈಪಿಗೂ ಹೋಗುತ್ತಿರಲಿಲ್ಲ. ಗೋಡೆಯ ತೂತಿನಿಂದ ಹೊರಗೆ ಬಿದ್ದು, ಕಲ್ಲುಚಪ್ಪಡಿ ದಾಟಿ, ಬಾಳೆಗಿಡದ ಬುಡಕ್ಕೆ. ಅಲ್ಲಿಂದ ಕೆಸುವಿಗೆ, ಅಲ್ಲಿಂದ ಬಸಳೆ ಚಪ್ಪರಕ್ಕೆ. ಅಜ್ಜಿ ಧನಿಯಾ ಕೇರಿ ಜೊಳ್ಳು ಎಸೆದ ಕಡೆ ಕೊತ್ತಂಬರಿ ತಾನೇ ಹುಟ್ಟಿರುತ್ತಿತ್ತು. ಸಾರು ಕುದಿಯುವಾಗ ಹೋಗಿ ಕಿತ್ತು ತಾ ಅನ್ನುತ್ತಿದ್ದಳು. ಒಗ್ಗರಣೆ ಸೀಯುವುದರೊಳಗೆ ಓಡಿ ಬರಬೇಕಿತ್ತು. ಆ ಹಿತ್ತಲಲ್ಲಿ ಈಗ ಚಿಕ್ಕಪ್ಪನ ಕಾರು ನಿಲ್ಲುತ್ತೆ.

ಇವತ್ತು ಮಂಗಳವಾರ. ಪುಡಿಯೆಲ್ಲ ಪೇಂಟ್ ಬಕೆಟ್ಟುಗಳಲ್ಲಿ ತುಂಬಿ ಬಾಲ್ಕನಿಯಲ್ಲಿದೆ. ಧನಿಯಾವನ್ನು ಲಟ್ಟಣಿಗೆಯಿಂದ ಎರಡು ಹೋಳಾಗುವಂತೆ ಉಜ್ಜಿ ಬಿತ್ತಿದ್ದೇನೆ, ಹಾಗೆ ಮಾಡಿದರೇ ಚೆನ್ನಾಗಿ ಮೊಳೆಯುವುದು. ಫ್ರಿಜ್ಜಿನ ಹಾಳೆಯಲ್ಲಿ ನಾಲ್ಕನೇ ಸಾಲು ಬಂದಿದೆ: 'ಕೊತ್ತಂಬರಿ'. ಮುಂದೆ ಮೊತ್ತ ಬರೆದಿಲ್ಲ. ಪ್ಲಂಬರ್ ಬಿಲ್ ಬರಲಿ ಅಂತ ಮಗಳು ಜಾಗ ಬಿಟ್ಟಿದ್ದಾಳೆ, ಸ್ವಲ್ಪ ಅಗಲವಾಗಿಯೇ.

ಹತ್ತು ಗಂಟೆಗೆ ತರಕಾರಿ ಗಾಡಿ ಬಂತು. ಬಾಲ್ಕನಿಯಿಂದ ಇಣುಕಿದೆ, ಯಾರೂ ಇರಲಿಲ್ಲ. ಸರಸರ ಇಳಿದು ಒಂದು ಕಟ್ಟು ಕೊತ್ತಂಬರಿ ಎತ್ತಿಕೊಂಡು 20 ರೂಪಾಯಿ ಕೊಟ್ಟೆ. ಗಾಡಿಯವನು ಏನೂ ಹೇಳಲಿಲ್ಲ, ಮರ್ಯಾದಸ್ಥ. ತಿರುಗಿದರೆ ಹಿಂದೆ ಓನರ್ ಕೈಚೀಲ ಹಿಡಿದು ನಿಂತಿದ್ದಾರೆ. ಅವರದೂ ಎರಡು ದಿನದಿಂದ ಸ್ನಾನ ಆಗಿಲ್ಲ, ಹಣೆಯಲ್ಲಿ ಮಾತ್ರ ವಿಭೂತಿ ಇತ್ತು. ನನ್ನ ಕೈಯಲ್ಲಿದ್ದ ಸೊಪ್ಪನ್ನು ನೋಡಿದರು, ಮುಖ ನೋಡಿದರು.

'ಮನೆಯಲ್ಲೇ ಬೆಳೀತಾ ಇದ್ರಿ, ಅಲ್ವಾ?'

ಇನ್ನೊಂದು ಕಟ್ಟು ತೆಗೆದು ಅವರ ಚೀಲಕ್ಕೆ ಹಾಕಿದೆ. ದುಡ್ಡು ನಾನೇ ಕೊಟ್ಟೆ.